ಗಿಣಿ ಹೇಳಿದ ಜೋಳ

ಊರಿನ ಹೆಸರು ಹೇಳಿದರೆ ಊರವರು ಜಗಳಕ್ಕೆ ಬಂದಾರು. ಮೊರಬದಲ್ಲಿ ಬಸ್ಸಿಳಿದು ಎರೆಹೊಲಗಳ ನಡುವೆ ಅರ್ಧ ತಾಸು ನಡೆದರೆ ಸಿಗುತ್ತದೆ ಎಂದರೆ ಸಾಕು. ಆ ಊರಿನ ಕನ್ನಡ ಶಾಲೆಯಲ್ಲಿ ಒಂದರಿಂದ ಮೂರನೆಯ ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ದೀಪಾವಳಿ ಮುಗಿದ ವಾರ ಆ ಕೋಣೆಯ ಗೋಡೆಗೆ ಒಂದು ದೊಡ್ಡ ಬಿಳಿ ಹಲಗೆ ಏರಿತು. ಮುಟ್ಟಿದರೆ ಚಿತ್ರ ಬರುವ, ಬೆರಳಲ್ಲಿ ಗೀಚಿದರೆ ಅಕ್ಷರ ಮೂಡುವ, ಮಾತಾಡುವ, ಹಾಡುವ ಹಲಗೆ. ಕಾಗದದಲ್ಲಿ ಅದರ ಹೆಸರು ಸ್ಮಾರ್ಟ್ ಬೋರ್ಡ್. ಬಿಸಿಯೂಟದ ಅಡುಗೆ ಮಾಡುವ ರೇಣುಕವ್ವ ಅದನ್ನು ‘ದೊಡ್ಡ ಮೊಬೈಲು’ ಎಂದಳು, ಊರಿಗೆಲ್ಲ ಅದೇ ಹೆಸರು ಗಟ್ಟಿಯಾಯಿತು.

ಕೊಡಿಸಿದವರು ಮಡಿವಾಳೆಪ್ಪನವರು. ಇದೇ ಶಾಲೆಯಲ್ಲಿ ಕಲಿತು, ಈಗ ಹುಬ್ಬಳ್ಳಿಯಲ್ಲಿ ಕಾಳುಕಡಿಯ ವ್ಯಾಪಾರ ಮಾಡುವ ಮನುಷ್ಯ. ಆದರೆ ಹಲಗೆ ಬಂತೇ ಹೊರತು ಹಲಗೆಯೊಳಗಿನ ಪಾಠ ಬರಲಿಲ್ಲ. ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕಂತೆ, ಅದು ಹತ್ತಾರು ಬಗೆಯದು ಸಿಗುತ್ತದಂತೆ. ಎರಡು ತಿಂಗಳು ದೊಡ್ಡ ಮೊಬೈಲು ಮಹಾನಂದಾ ಟೀಚರ್ ಅವರ ಹಳೆಯ ಇಳಕಲ್ ಸೀರೆ ಹೊದ್ದುಕೊಂಡು ಸುಮ್ಮನೆ ಕೂತಿತ್ತು. ಸಂಕ್ರಾಂತಿಯ ಹೊತ್ತಿಗೆ ಎರಡು ಕಂಪನಿಗಳವರು ಹದಿನೈದು ದಿನ ಬಳಸಿ ನೋಡಲು ಕೊಟ್ಟರು. ಮಡಿವಾಳೆಪ್ಪನವರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು: “ಶನಿವಾರ ಯಾವುದಂತ ಹೇಳ್ರಿ, ಮೂರ ವರ್ಷಕ್ಕ ಕೊಡಸ್ತೀನಿ. ಆಮ್ಯಾಲ ಇದು ಬ್ಯಾಡ, ಅದು ಬೇಕ ಅನ್ನಂಗಿಲ್ಲ ಮತ್ತ.”

ಆರಿಸುವ ಕೆಲಸ ಮಹಾನಂದಾ ಟೀಚರ್ ಅವರ ಕೊರಳಿಗೆ ಬಿತ್ತು. ಮೂವತ್ತನಾಲ್ಕು ವರ್ಷ ಸಣ್ಣ ಮಕ್ಕಳ ಮುಂದೆ ನಿಂತ ಹೆಂಗಸು. ಬರುವ ಮೇ ತಿಂಗಳಿಗೆ ನಿವೃತ್ತಿ. ಹೆಡ್‌ಮಾಸ್ಟರ್ ಸುಭಾಸ ಸರ್ ಸಂಶಿ ಕಡೆಯವರು, ಒಳ್ಳೆಯ ಜೀವ. ಹೊಸ ಯಂತ್ರ ಕಂಡರೆ ಸಾಕು, ಜಾತ್ರೆಗೆ ಬಂದ ಹುಡುಗನ ಹಾಗೆ ಮುಖ ಅರಳುತ್ತದೆ. ಅವರು ಹೇಳಿದರು: “ಅಕ್ಕೋರ, ಮಕ್ಕಳ ಮುಂದ ನಿಲ್ಲವರು ನೀವು. ನಿಮಗ ಯಾವುದ ಬೇಕೋ ಅದನ್ನ ಆರಸ್ರಿ. ಆದ್ರ ಗಿಣೀನ ಆರಸ್ರಿ.”

ಗಿಣಿ ಎಂದರೆ ಮೊದಲನೆಯ ಸಾಫ್ಟ್‌ವೇರಿನೊಳಗಿನ ಹಸಿರು ಗಿಳಿ. ಅದು ಹಲಗೆಯ ತುಂಬ ಹಾರಾಡುತ್ತದೆ, ಚಿತ್ರ ತೋರಿಸಿ “ಇದು ಏನು? ಹೇಳು ನೋಡೋಣ!” ಎನ್ನುತ್ತದೆ. ಮಗು ಬಾಯಿಬಿಟ್ಟು ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ. ಸರಿಯಾದರೆ ಗಂಟೆ, ಚಪ್ಪಾಳೆ, ನಕ್ಷತ್ರಗಳ ಸುರಿಮಳೆ. ತಪ್ಪಾದರೆ ‘ಟ್ರೊಂಯ್’ ಎಂದು ಒಂದು ಸದ್ದು. ಸಂಜೆಗೆ ಪ್ರತಿ ಮಗುವಿನ ಹೆಸರಿನ ಮುಂದೆ ಕೆಂಪು, ಹಳದಿ, ಹಸಿರು ಬಣ್ಣ ಹಾಕಿ ವರದಿಯನ್ನೂ ಕೊಡುತ್ತದೆ. ಆ ವರದಿ ನೋಡಿದ ದಿನ ಸುಭಾಸ ಸರ್ ಮಧ್ಯಾಹ್ನದ ಊಟ ಮರೆತಿದ್ದರು.

ಎರಡನೆಯದರ ಹೆಸರೇ ‘ಪಾಟಿ’, ಅಂದರೆ ಸ್ಲೇಟು. ತೆರೆದರೆ ಖಾಲಿ ಪುಟ. ಚಿತ್ರ ನೀವೇ ಹಾಕಬೇಕು, ಹೆಸರು ನೀವೇ ಬರೆಯಬೇಕು, ಚಿತ್ರಕ್ಕೆ ದನಿಯನ್ನೂ ನೀವೇ ಕೊಡಬೇಕು. ಮಕ್ಕಳು ಆಕಳಿಸಿದರು. “ಇಷ್ಟಕ್ಕ ಆಗಿದ್ರ ಕರಿ ಹಲಗಿ ಏನ ಪಾಪ ಮಾಡಿತ್ತು?” ಎಂದರು ಸುಭಾಸ ಸರ್. ಮಹಾನಂದಾ ಟೀಚರ್ ಅವರಿಗೂ ಹಾಗೆಯೇ ಅನಿಸಿತ್ತು, ಸುಳ್ಳು ಯಾಕೆ ಹೇಳಬೇಕು! ಕೂಗಿ ಕೂಗಿ ಗಂಟಲು ಸವೆದಿತ್ತು. ಇನ್ನು ಮೇಲೆ ಗಿಣಿ ಕೂಗಿಕೊಳ್ಳಲಿ, ತಾನು ಬಾಜು ಕುರ್ಚಿ ಹಾಕಿಕೊಂಡು ಕೂತು ಮಕ್ಕಳ ಮುಖ ನೋಡಿದರಾಯಿತು ಎಂದು ಒಳಗೊಳಗೇ ಆಸೆಪಟ್ಟಿದ್ದರು.

ಮಕ್ಕಳೂ ಗಿಣಿಯ ಜೊತೆ ಬೇಗ ಹೊಂದಿಕೊಂಡರು. ಗಡ್ಡೆಯ ಚಿತ್ರ ಬಂದಾಗ “ಉಳ್ಳಾಗಡ್ಡಿ” ಎಂದರೆ ಟ್ರೊಂಯ್ ಎನ್ನುತ್ತಿತ್ತು. ಎರಡನೆಯ ದಿನವೇ ಹುಡುಗರು “ಈರುಳ್ಳಿ” ಎಂದು ನಕ್ಷತ್ರ ಗಿಟ್ಟಿಸಿಕೊಂಡರು. “ಶೇಂಗಾ” ಅನ್ನಬಾರದು, “ಕಡಲೆಕಾಯಿ” ಅನ್ನಬೇಕು. ಅದು ಗಿಣಿ ಭಾಷೆ ಎಂದು ತಮ್ಮತಮ್ಮೊಳಗೆ ತೀರ್ಮಾನ ಮಾಡಿಕೊಂಡು, ಆಟದ ಬಯಲಿನಲ್ಲೂ ಅದೇ ಭಾಷೆಯಲ್ಲಿ ಒಬ್ಬರನ್ನೊಬ್ಬರು ಅಣಕಿಸತೊಡಗಿದರು. ಟೀಚರ್ ನಕ್ಕರು. ಒಂದು ಗಡ್ಡೆಗೆ ಎರಡು ಹೆಸರು ಗೊತ್ತಿದ್ದರೆ ನಷ್ಟವೇನೂ ಇಲ್ಲವಲ್ಲ.

ಆ ಕೋಣೆಯಲ್ಲಿ ಎರಡನೆಯ ಇಯತ್ತೆಯ ಸೌಂದರ್ಯಾ ಎಂಬ ಹುಡುಗಿ ಇದ್ದಳು. ಅಡುಗೆಯ ರೇಣುಕವ್ವನ ಮೊಮ್ಮಗಳು. ಅಪ್ಪ ಪುಂಡಲೀಕ ಕುರಿ ಹಿಂಡು ಹೊಡೆದುಕೊಂಡು ಊರೂರು ತಿರುಗುವವನು. ಮಗಳು ನಾಕಕ್ಷರ ಕಲಿಯಲಿ ಎಂದು ಜೂನಿನಲ್ಲಿ ಅವಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ಶಾಲೆಯ ಹೊಸ್ತಿಲು ದಾಟಿದರೆ ಮೂಕಿ. ಅಂಜಿಕೆಯೋ ಹಟವೋ ಯಾರಿಗೂ ತಿಳಿಯಲಿಲ್ಲ. ಮಹಾನಂದಾ ಟೀಚರ್ ದಿನಾಲೂ ಹಾಜರಿ ಕರೆಯುವಾಗ “ಸೌಂದರ್ಯಾ” ಎಂದು ಕರೆದು, ಒಂದು ಉಸಿರಿನಷ್ಟು ಹೊತ್ತು ಕಾದು, ಗದರದೆ ಮುಂದಿನ ಹೆಸರಿಗೆ ಹೋಗುತ್ತಿದ್ದರು. ಹೀಗೆ ನಾಲ್ಕು ತಿಂಗಳು. ಕೋಣೆಯ ಗೋಡೆಯಾಚೆ ಅಡುಗೆ ಮನೆ. ಆ ಒಂದು ಉಸಿರಿನ ಹೊತ್ತು ರೇಣುಕವ್ವನೂ ಸವುಟು ಆಡಿಸುವುದನ್ನು ನಿಲ್ಲಿಸುತ್ತಿದ್ದಳು.

ದಸರೆ ರಜೆ ಮುಗಿದ ಮೇಲೆ ಒಂದು ದಿನ ಗೋಡೆಯ ಚಿತ್ರಪಟ ತೋರಿಸುತ್ತ ಟೀಚರ್ “ಕುರಿ” ಎಂದಾಗ ಹಿಂದಿನ ಸಾಲಿನಿಂದ ಸಣ್ಣ ದನಿ ಬಂತು: “ಅದು ನಮ್ಮ ಕುರಿ ಅಲ್ರಿ. ನಮ್ಮ ಕುರಿಗೆ ಕಿವಿ ಉದ್ದ ಇರ್ತಾವ್ರಿ.” ನೋಡಿದರೆ ಖರೆ, ಪಟದಲ್ಲಿದ್ದುದು ಯಾವುದೋ ದೇಶದ ಹತ್ತಿಯ ಉಂಡೆಯಂಥ ಕುರಿ. “ನೀ ಹೇಳಿದ್ದ ಬರೋಬ್ಬರಿ ನಮ್ಮವ್ವ” ಎಂದು ಟೀಚರ್ ಪಟದ ಕುರಿಗೆ ಪೆನ್ನಿನಿಂದ ಉದ್ದ ಕಿವಿ ಬರೆದರು. ಮರುದಿನದಿಂದ ಹಾಜರಿಗೆ “ಹಾಜರ್ರಿ” ಎಂಬ ಉತ್ತರ ಬರತೊಡಗಿತು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಅದಕ್ಕಿಂತ ದೊಡ್ಡ ಸಂಬಳ ತನಗೆ ಸಿಕ್ಕಿಲ್ಲ ಎಂದು ಅವರಿಗೆ ಅನಿಸಿತ್ತು.

ಹದಿನೈದು ದಿನದ ಕೊನೆಯ ವಾರ, ಮಂಗಳವಾರ, ಗಿಣಿಯ ಮುಂದೆ ನಿಲ್ಲುವ ಸೌಂದರ್ಯಾಳ ಪಾಳಿ ಬಂತು. ಸುಭಾಸ ಸರ್ ಬಾಗಿಲಲ್ಲಿ ನಿಂತು ಮಡಿವಾಳೆಪ್ಪನವರಿಗೆ ಕಳಿಸಲು ವಿಡಿಯೊ ಮಾಡುತ್ತಿದ್ದರು. ಹಲಗೆಯ ಮೇಲೆ ಹಳದಿ ಕಾಳಿನ, ಅರ್ಧ ಸಿಪ್ಪೆ ಸುಲಿದ ದಪ್ಪ ತೆನೆಯ ಚಿತ್ರ ಬಂತು. “ಇದು ಏನು? ಹೇಳು ನೋಡೋಣ!”

“ಗೋವಿನಜ್ವಾಳ” ಎಂದಳು ಸೌಂದರ್ಯಾ. ಮೆಕ್ಕೆಜೋಳಕ್ಕೆ ಈ ಕಡೆ ಅದೇ ಹೆಸರು. ಅಪ್ಪನ ಕುರಿಗಳು ಆ ಹೊಲಕ್ಕೆ ನುಗ್ಗಿ ಎಷ್ಟು ಸಲ ಬೈಸಿಕೊಂಡಿವೆ, ಅವಳಿಗೆ ಗೊತ್ತಿರದೆ ಏನು!

ಟ್ರೊಂಯ್. “ಊಹೂಂ! ಇನ್ನೊಮ್ಮೆ ಪ್ರಯತ್ನಿಸು!”

ದನಿ ಸಣ್ಣದಾಯಿತೇನೋ ಎಂದುಕೊಂಡು ಹುಡುಗಿ ಜೋರಾಗಿ ಹೇಳಿದಳು. ಮತ್ತೆ ಟ್ರೊಂಯ್. ಚಿತ್ರದ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಜೋಳ’ ಎಂದು ಮೂಡಿತು.

ಮಹಾನಂದಾ ಟೀಚರ್ ಅದನ್ನು ಓದಿದರು. ಬಾಗಿಲಲ್ಲಿ ವಿಡಿಯೊ ನಡೆದಿತ್ತು, ಮಕ್ಕಳು ಪಿಳಿಪಿಳಿ ನೋಡುತ್ತಿದ್ದರು, ಹುಡುಗಿಯ ಕಿವಿ ಕೆಂಪಾಗುತ್ತಿತ್ತು. ಆ ಗಡಿಬಿಡಿಯಲ್ಲಿ ಅವರು ಬಗ್ಗಿ ಅವಳ ಕಿವಿಯಲ್ಲಿ ಹೇಳಿದರು: “ಜೋಳ ಅನ್ನವಾ.”

ಸೌಂದರ್ಯಾ ತಿರುಗಿ ಟೀಚರ್ ಮುಖ ನೋಡಿದಳು. “ಅದು ಜ್ವಾಳ ಅಲ್ರಿ.”

ಗಿಣಿ ಅದನ್ನೂ ಕೇಳಿಸಿಕೊಂಡು ಟ್ರೊಂಯ್ ಎಂದಿತು.

“ಜ್ವಾಳ ಅಲ್ಲ, ಜೋಳ. ಬಾಯಿ ಗುಂಡಗ ಮಾಡು. ಗಿಣಿಗೆ ಹಂಗ ಬೇಕು, ಅಂದಬಿಡು ಲಗೂನ.”

ಹುಡುಗಿ ಇನ್ನೂ ಒಂದು ಗಳಿಗೆ ಟೀಚರನ್ನೇ ನೋಡಿದಳು. ಆಮೇಲೆ ಬಾಯಿ ಗುಂಡಗೆ ಮಾಡಿ “ಜೋಳ” ಎಂದಳು. ಗಂಟೆ ಮೊಳಗಿತು, ನಕ್ಷತ್ರಗಳು ಸುರಿದವು, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು.

ಬುಧವಾರ ಹಾಜರಿಗೆ ಉತ್ತರ ಬರಲಿಲ್ಲ. ಟೀಚರ್ ಒಂದು ಉಸಿರು ಕಾದರು, ಎರಡು ಉಸಿರು ಕಾದರು. ಗುರುವಾರವೂ ಇಲ್ಲ. ಅಂದು ಸಂಜೆ ಸುಭಾಸ ಸರ್ ಮಂಗಳವಾರದ ವರದಿ ಹಿಡಿದು ಓಡಿಬಂದರು: “ನೋಡ್ರಿ ಅಕ್ಕೋರ, ಮಾತಾಡದ ಹುಡುಗಿ ಹಸಿರು ಬಣ್ಣಕ್ಕ ಬಂದಾಳ! ಜೋಳದ ಮುಂದ ಪೂರಾ ನಕ್ಷತ್ರ!” ಟೀಚರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹುಡುಗಿ ಸರಿ ಹೇಳಿದಾಗ ಕೆಂಪು, ಸುಳ್ಳು ಹೇಳಿದಾಗ ಹಸಿರು, ಬಾಯಿ ಮುಚ್ಚಿದ ಮೇಲೆ ಬಣ್ಣವೇ ಇಲ್ಲ.

ಅವರು ಅಡುಗೆ ಮನೆಗೆ ಹೋದರು. ರೇಣುಕವ್ವ ಪಾತ್ರೆ ತಿಕ್ಕುತ್ತಿದ್ದಳು, ತಲೆಯೆತ್ತಲಿಲ್ಲ.

“ಮನ್ಯಾಗ ಮಾತಾಡ್ತಾಳನು ರೇಣುಕವ್ವಾ?”

“ಮಾತಾಡ್ತಾಳ್ರಿ. ಮೊನ್ನಿ ರೊಟ್ಟಿ ಹಾಕಿದ್ರ ತಿನ್ನಲೇ ಇಲ್ಲ. ‘ಅಜ್ಜಿ, ಟೀಚರ ಗೋವಿನಜ್ವಾಳಕ್ಕ ಜ್ವಾಳ ಅಂದ್ರು. ಹಂಗಾರ ಈ ರೊಟ್ಟಿ ಯಾವುದರದ? ನಮ್ಮ ಜ್ವಾಳಕ್ಕ ಏನಂತಾರ?’ ಅಂತ ಕೇಳಿದ್ಲು. ನಾ ಏನ ಹೇಳ್ಲಿರಿ ಅಕ್ಕೋರ? ಸಾಲಿ ಕಲತಾಕಿ ಅಲ್ಲ.” ಬೋಗುಣಿಯನ್ನು ದಬ್ ಎಂದು ಕವುಚಿದಳು. “ಅಕ್ಕಿ ತಿಂದಾಂವ ಹಕ್ಕಿ, ಜ್ವಾಳ ತಿಂದಾಂವ ತ್ವಾಳ ಅಂತಾರ. ಹಕ್ಕಿ ಬಂದು ತ್ವಾಳಕ್ಕ ಬುದ್ಧಿ ಹೇಳಿದಂಗ ಆತಿದು!”

ಮಹಾನಂದಾ ಟೀಚರ್ ಅಲ್ಲೇ ಅಕ್ಕಿ ಚೀಲದ ಮೇಲೆ ಕೂತುಬಿಟ್ಟರು. ಗಿಣಿಯದೇನು, ಅದಕ್ಕೆ ಹೊಟ್ಟೆಯೂ ಇಲ್ಲ, ಹೊಲವೂ ಇಲ್ಲ. ಉಳ್ಳಾಗಡ್ಡಿಗೆ ಈರುಳ್ಳಿ ಎಂದರೆ ಇನ್ನೊಂದು ಹೆಸರು ಬಂದಂತಾಯಿತು. ಆದರೆ ಗೋವಿನಜೋಳಕ್ಕೆ ಜೋಳ ಎಂದರೆ ದಿನಾ ತಿನ್ನುವ ರೊಟ್ಟಿಯ ಹೆಸರನ್ನೇ ಕಸಿದುಕೊಂಡಂತೆ. ಕಸಿದದ್ದು ಗಿಣಿಯಲ್ಲ, ತಾನು. ನಾಲ್ಕು ತಿಂಗಳು ಕಾದು ತೆರೆಸಿದ ಬಾಯಿಯನ್ನು ಒಂದು ನಕ್ಷತ್ರದ ಆಸೆಗೆ ಮುಚ್ಚಿಸಿದವಳು ತಾನೇ. ಮೇ ತಿಂಗಳಿಗೆ ತಾನು ಹೋಗಿಬಿಡುವವಳು. ಈ ಹುಡುಗಿ ಮತ್ತೆ ಮೂಕಿಯಾಗಿಯೇ ಉಳಿದರೆ?

ಶುಕ್ರವಾರ ಗಿಣಿ ಕಂಪನಿಗೆ ಫೋನು ಹಚ್ಚಿದರು. ಎತ್ತಿಕೊಂಡವನು ಮೃದು ಮಾತಿನ ಹುಡುಗ. “ಮೇಡಂ, ಅದು ಕಾರ್ನ್ ಅಲ್ವಾ? ಕಾರ್ನ್ ಅಂದ್ರೆ ಜೋಳ ತಾನೆ?”

“ಹಂಗಾದ್ರ ಜೋಳದ ರೊಟ್ಟಿ ಯಾವುದರದ ಮಾಡ್ತಾರ ತಮ್ಮಾ?”

“ಅದು... ಅದೂ ಜೋಳದ್ದೇ ಮೇಡಂ... ಓ.”

ಆ ‘ಓ’ ಕೇಳಿ ಟೀಚರ್ ಸಿಟ್ಟು ಅರ್ಧ ಇಳಿಯಿತು. ಅವನೂ ಯಾರೋ ಟೀಚರ್ ಕಲಿಸಿದ ಹುಡುಗನೇ. “ಮುಂದಿನ ಆವೃತ್ತಿಗೆ ಬರ್ಕೊಳ್ತೀನಿ ಮೇಡಂ. ಆದ್ರೆ ಈಗ ಅದರೊಳಗೆ ಪದ ಬದಲಾಯಿಸೋಕೆ ನಮ್ಮ ಕೈಲೂ ಆಗಲ್ಲ, ನಿಮ್ಮ ಕೈಲೂ ಆಗಲ್ಲ” ಎಂದ. “ನಿನ್ನ ಹೊಟ್ಟಿ ತಣ್ಣಗಿರ್ಲಿ. ಈ ಕಡೆ ಬಂದ್ರ ಸೀತನಿ ತಿನ್ನಾಕ ಬಾರಪಾ” ಎಂದು ಹೇಳಿ ಇಟ್ಟರು. ಸೀತನಿ ಎಂದರೆ ಹಾಲುಗಾಳಿನ ಜೋಳದ ತೆನೆ ಸುಟ್ಟು ಉದುರಿಸಿದ ಕಾಳು ಎಂದು ಆ ಹುಡುಗನಿಗೆ ಯಾರು ಹೇಳಿದರೋ, ಗೊತ್ತಿಲ್ಲ.

ಶನಿವಾರ ಮುಂಜಾನೆಯ ಶಾಲೆ. ದಾರಿಯ ಹೊಲದವರನ್ನು ಕೇಳಿ ಮಹಾನಂದಾ ಟೀಚರ್ ಎರಡು ತೆನೆ ತಂದಿದ್ದರು. ಒಂದು ಹಾಲುಗಾಳಿನ ಬಿಳಿಜೋಳದ್ದು, ಇನ್ನೊಂದು ಗೋವಿನಜೋಳದ್ದು. ಹಾಜರಿ ಕರೆದರು. “ಸೌಂದರ್ಯಾ.” ಉತ್ತರವಿಲ್ಲ. ಪುಸ್ತಕ ಮಡಚಿಟ್ಟು ಮಕ್ಕಳ ಮುಂದೆ ಬಂದು ನಿಂತರು.

ಅವರ ಕೋಣೆಯಲ್ಲಿ ಹಳೆಯದೊಂದು ಕಟ್ಟಳೆ ಇತ್ತು. ತಪ್ಪು ಓದಿದರೆ ಶಿಕ್ಷೆ ಇಲ್ಲ, ಲೆಕ್ಕ ತಪ್ಪಿದರೆ ಶಿಕ್ಷೆ ಇಲ್ಲ. ಗೊತ್ತಿದ್ದೂ ಸುಳ್ಳು ಹೇಳಿದರೆ ಮಾತ್ರ ಎರಡು ಕಿವಿ ಹಿಡಿದು ಐದು ಬಸ್ಕಿ ಹೊಡೆಯಬೇಕು, ಉಳಿದವರು ಎಣಿಸಬೇಕು.

“ಮಂಗಳವಾರ ಈ ಕ್ಲಾಸಿನ್ಯಾಗ ಒಬ್ಬರು ಸುಳ್ಳ ಹೇಳಿದ್ರು” ಎಂದರು ಟೀಚರ್. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಸೌಂದರ್ಯಾ ತಲೆ ತಗ್ಗಿಸಿದಳು. “ಸೌಂದರ್ಯಾ ಅಲ್ಲ. ಆಕಿ ಖರೇನ ಹೇಳಿದ್ಲು. ಗಿಣಿ ತೋರಿಸಿದ್ದು ಗೋವಿನಜ್ವಾಳ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಆಕಿ ಕಡಿಂದ ಜ್ವಾಳ ಅನಿಸಿದಾಕಿ ನಾನು. ಎಣಸ್ರಿ.”

ಬಲಗೈಯಿಂದ ಎಡಗಿವಿ, ಎಡಗೈಯಿಂದ ಬಲಗಿವಿ ಹಿಡಿದು ಐವತ್ತೊಂಬತ್ತರ ಹೆಂಗಸು ಬಸ್ಕಿಗೆ ಕೂತರು. ಮೊಳಕಾಲು ಲಟಲಟ ಎಂದವು. “ಒಂದು” ಎಂದರು ಮಕ್ಕಳು, ನಗಬೇಕೋ ಬಿಡಬೇಕೋ ತಿಳಿಯದೆ. ಎರಡನೆಯದಕ್ಕೆ ಅರ್ಧ ಕೂತು ಅಲ್ಲೇ ಗೋಡೆ ಹಿಡಿದರು. “ಎರಡು” ಎನ್ನುವ ದನಿಗಳೂ ಅರ್ಧಕ್ಕೇ ನಿಂತವು.

“ಸಾಕ್ರಿ ಟೀಚರ್ರಿ.”

ಹಿಂದಿನ ಸಾಲಿನಲ್ಲಿ ಸೌಂದರ್ಯಾ ಎದ್ದು ನಿಂತಿದ್ದಳು. “ಕೈ ಬಿಡ್ರಿ. ನಿಮ್ಮ ಮೊಳಕಾಲ ನೋಯ್ತಾವ.”

ಟೀಚರ್ ಕಿವಿ ಬಿಟ್ಟರು. ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿದವರು ಮೂಗು ಒರೆಸಿಕೊಂಡ ಹಾಗೆ ಮಾಡಿ, ಹಲಗೆಯ ಮೇಲೆ ‘ಪಾಟಿ’ ತೆರೆದರು. ಎರಡು ತೆನೆಗಳ ಫೋಟೊವನ್ನು ದಾರಿಯಲ್ಲೇ ತೆಗೆದು, ಹಾಜರಿಗೆ ಮೊದಲೇ ಅದರೊಳಗೆ ಸೇರಿಸಿದ್ದರು. “ಬಾರವ್ವ ಇಲ್ಲಿ. ಈ ಗುಂಡಿ ಒತ್ತಿ ಹಿಡಕೊಂಡು ಇದು ಏನಂತ ಹೇಳು. ನನಗ ಬ್ಯಾಡ, ಗಿಣಿಗೂ ಬ್ಯಾಡ. ಈ ಪಾಟಿಗೆ ಗೊತ್ತಿಲ್ಲ, ನೀನ ಕಲಸು.”

ಸೌಂದರ್ಯಾ ಬಂದಳು. ಮೊದಲ ಚಿತ್ರಕ್ಕೆ “ಇದು ಗೋವಿನಜ್ವಾಳ” ಎಂದಳು. ಎರಡನೆಯದಕ್ಕೆ ಸ್ವಲ್ಪ ಯೋಚಿಸಿ, ಉಸಿರೆಳೆದುಕೊಂಡು, “ಇದು ಜ್ವಾಳ. ನಾವು ರೊಟ್ಟಿ ತಿನ್ನೂದು ಇದರದ” ಎಂದಳು. ಬೆರಳು ತೆಗೆದು ಚಿತ್ರ ಮುಟ್ಟಿದರೆ ಅಷ್ಟು ದೊಡ್ಡ ಹಲಗೆ ಅವಳದೇ ದನಿಯಲ್ಲಿ ಇಡೀ ಕೋಣೆಗೆ ಕೇಳುವಂತೆ ಹೇಳಿತು: “ಇದು ಜ್ವಾಳ. ನಾವು ರೊಟ್ಟಿ ತಿನ್ನೂದು ಇದರದ.” ಟ್ರೊಂಯ್ ಎನ್ನಲಿಲ್ಲ. ಸೌಂದರ್ಯಾ ಬೆಚ್ಚಿ ಹಿಂದೆ ಸರಿದಳು, ಆಮೇಲೆ ಕಿಸಕ್ಕನೆ ನಕ್ಕಳು.

ಸವುಟು ಹಿಡಿದುಕೊಂಡೇ ರೇಣುಕವ್ವ ಬಾಗಿಲಿಗೆ ಓಡಿಬಂದಳು. “ಯಾರ ಮಾತಾಡಿದ್ರು? ನಮ್ಮಾಕಿ ಮಾತಾಡಿದ್ಲನ್ರಿ?”

ಅವಳ ಹಿಂದೆಯೇ ಸುಭಾಸ ಸರ್, ಕೈಯಲ್ಲಿ ಫೋನು. ಆ ಕಡೆ ಮಡಿವಾಳೆಪ್ಪನವರ ದನಿ ಎಲ್ಲರಿಗೂ ಕೇಳುತ್ತಿತ್ತು: “ಏನ ಆರಿಸಿದ್ರಿ? ವಿಡಿಯೊದಾಗ ಗಿಣಿ ಚಲೋ ಐತಿ ಬಿಡ್ರಿ. ಈಗ ಜ್ವಾಳ ಅಂದಾಕಿ ಯಾರು?”

“ಪುಂಡಲೀಕನ ಮಗಳ್ರೀ” ಎಂದಳು ರೇಣುಕವ್ವ ಬಾಗಿಲಿನಿಂದಲೇ.

“ಅವರಿಗೆ ಇನ್ನೊಮ್ಮೆ ಕೇಳಸು” ಎಂದರು ಟೀಚರ್. ಸೌಂದರ್ಯಾ ಮುಟ್ಟಿದಳು, ಹಲಗೆ ಹೇಳಿತು.

“ನಲವತ್ತ ವರ್ಷ ಜ್ವಾಳ ಮಾರೀನಿ” ಎಂದರು ಮಡಿವಾಳೆಪ್ಪನವರು. “ಬೆಂಗಳೂರ ಕಡೆ ಗಿರಾಕಿ ಜ್ವಾಳ ಕಳಸ್ರಿ ಅಂದ್ರ, ಯಾವ ಜ್ವಾಳರೀ ಅಂತ ಎರಡ ಸಲ ಕೇಳತೀನಿ. ಒಮ್ಮೆ ಕೇಳದ ಕಳಿಸಿ ಒಂದ ಲಾರಿ ಮಾಲ ತಿರುಗಿ ಬಂದಿತ್ತು. ನಿಮ್ಮ ಹುಡುಗಿ ನನಗಿಂತ ಶ್ಯಾಣ್ಯಾ ಅದಾಳ. ಯಾವುದು ಅದು, ಪಾಟಿ ಏನು? ಅದನ್ನ ತರಸ್ರಿ.”

ಸುಭಾಸ ಸರ್ ಮುಖ ಸಣ್ಣದಾಯಿತು. “ಆದ್ರ ಅಕ್ಕೋರ, ಇದರಾಗ ವರದಿ ಬರೂದಿಲ್ಲಲ್ರಿ...”

“ವರದಿ ನಾ ಬರೀತೀನಿ ಸರ, ಮೇ ತನಕಾ. ಕೆಂಪು, ಹಳದಿ, ಹಸಿರು ಪೆನ್ನು ನೀವ ತಂದ ಕೊಡ್ರಿ.”

ಸುಭಾಸ ಸರ್ ನಕ್ಕುಬಿಟ್ಟರು. ಬಣ್ಣದ ಪೆನ್ನುಗಳೂ ಅವರಿಗೆ ಇಷ್ಟವೇ.

ಅಷ್ಟರಲ್ಲಿ ರೇಣುಕವ್ವ ಹಲಗೆಯ ಹತ್ತಿರ ಬಂದಿದ್ದಳು. ಜೋಳದ ತೆನೆಯ ಮೇಲೆ ಬೆರಳಿಟ್ಟಳು. ಕೈ ಹಸಿಯಾಗಿತ್ತು, ಹಲಗೆ ಸುಮ್ಮನಿತ್ತು. ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಮತ್ತೆ ಇಟ್ಟಳು. ಮೊಮ್ಮಗಳ ದನಿ ಕೋಣೆಯ ತುಂಬ ಬಂತು. ನಾಲ್ಕು ತಿಂಗಳು ಗೋಡೆಗೆ ಕಿವಿಗೊಟ್ಟು ಕಾದವಳು ಅವಳು. ಇನ್ನೊಮ್ಮೆ ಮುಟ್ಟಿದಳು. ಮತ್ತೂ ಒಮ್ಮೆ ಮುಟ್ಟಿದಳು. ಬಾಜು ನಿಂತ ಸೌಂದರ್ಯಾ ಅವಳ ಸೆರಗು ಜಗ್ಗಿ “ಅಜ್ಜಿ, ನಾ ಇಲ್ಲೇ ಅದೇನಿ” ಎಂದಳು.

ತಾನು ಹೋದ ಮೇಲೂ ಈ ದನಿ ಇಲ್ಲಿ ಇರುತ್ತದೆ ಎಂದುಕೊಳ್ಳುತ್ತ ಮಹಾನಂದಾ ಟೀಚರ್ ಕುರ್ಚಿಯಲ್ಲಿ ಕೂತು ಮೊಳಕಾಲು ತಿಕ್ಕಿಕೊಂಡರು. ಹಾಜರಿ ಪುಸ್ತಕ ತೆರೆದು, ಸೌಂದರ್ಯಾಳ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದ ಮನೆಯಲ್ಲಿ ಗುರುತು ಹಾಕಿದರು.

ರೇಣುಕವ್ವ ಒಲೆಯ ಮೇಲೆ ಬಿಟ್ಟುಬಂದ ಬೇಳೆ ಸಾರು ಅಂದು ತಳ ಹಿಡಿದಿತ್ತು. ಮಕ್ಕಳು ದೂರದೆ ಉಂಡರು. ಸುಭಾಸ ಸರ್ ಎರಡು ಸಲ ಹಾಕಿಸಿಕೊಂಡರು.